ಬಲಗಡೆಯ ಸೀಟು

ಮೂವತ್ತೆರಡು ವರ್ಷ ಮಾಲ್ಟಾದಲ್ಲಿ ಬಸ್ಸು ಓಡಿಸಿದವನು ನಾನು, ವಿಸ್ಟಿನ್. ನನ್ನ ಹಾರ್ನು ಕೇಳಿದರೆ ನಮ್ಮೂರ ಕೋಳಿಗಳೂ ಎಡಕ್ಕೆ ಸರಿಯುತ್ತಿದ್ದವು. ಅಂಥ ಸಾರಥಿಯನ್ನು ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಬಂದರಿನಲ್ಲಿ, ಬಾಡಿಗೆ ಕಾರಿನ ಅಂಗಡಿಯ ಒಬ್ಬ ಹುಡುಗಿ ಐದೇ ನಿಮಿಷದಲ್ಲಿ ಪ್ರಯಾಣಿಕನನ್ನಾಗಿ ಮಾಡಿಬಿಟ್ಟಳು.

ನಾಮಕರಣದಲ್ಲಿ ನಾನು ಜ್ಞಾನಪಿತನಾಗಿ, ಅಂದರೆ ಗಾಡ್‌ಫಾದರ್ ಆಗಿ ನಿಂತ ಮನ್ವೆಲ್‌ಗೆ ಅಂದು ಹನ್ನೊಂದಕ್ಕೆ ಮೋದಿಕಾ ಎಂಬ ಊರಿನ ಚರ್ಚಿನಲ್ಲಿ ಮದುವೆ. ಉಂಗುರಗಳು ನನ್ನ ಕೋಟಿನ ಜೇಬಿನಲ್ಲಿ. ಮದುಮಗಳ ತಂದೆ ನುಂಜಿಯೊ ಬಂದರಿಗೆ ಕಾರು ಕಳಿಸುತ್ತೇನೆಂದಿದ್ದರು. ಬಸ್ಸು ಓಡಿಸಿದವನು ಇನ್ನೊಬ್ಬರ ಕಾರಿನಲ್ಲಿ ಮೂಟೆಯ ಹಾಗೆ ಹೋಗುವುದೇ? ನಾನೇ ಓಡಿಸಿಕೊಂಡು ಬರುತ್ತೇನೆಂದು ಜಂಬದಿಂದ ಹೇಳಿದ್ದೆ.

ಅಂಗಡಿಯ ಹುಡುಗಿ ಲೈಸೆನ್ಸು ಕೇಳಿದಳು. ನನಗೆ ನಗು ಬಂತು. ಮಾಲ್ಟಾದಲ್ಲಿ ಯಾರೂ ಅದನ್ನು ನನ್ನ ಹತ್ತಿರ ಕೇಳಿದವರಿಲ್ಲ. ಪೊಲೀಸರೆಲ್ಲ ಚಿಕ್ಕಂದಿನಲ್ಲಿ ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವರು. ಹಾಗಾಗಿ ಲೈಸೆನ್ಸು ಮನೆಯ ಡ್ರಾಯರಿನಲ್ಲಿ, ಹಳೆಯ ಬ್ಯಾಟರಿಗಳ ಜೊತೆ ನೆಮ್ಮದಿಯಾಗಿತ್ತು. ನನ್ನ ಮುಖವೇ ಲೈಸೆನ್ಸು ಎಂದೆ. ಆ ಹುಡುಗಿ ನನ್ನ ಮುಖವನ್ನು ನೋಡಿ, ಅವಧಿ ಮುಗಿದ ಹಾಗಿದೆ ಎಂದಳು.

ಆಗ ನನ್ನ ಹೆಂಡತಿ ಚೆತ್ತಾ ಕೈಚೀಲದಿಂದ ತನ್ನ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. ಬಾಡಿಗೆ ಕಟ್ಟುವ ಬ್ಯಾಂಕ್ ಕಾರ್ಡಂತೂ ಮೊದಲೇ ಅವಳ ಹೆಸರಿನದು (ಸಂಬಳ ಬಂದ ದಿನವೇ ಅವಳ ಕೈಗಿಡುವುದು ನಮ್ಮ ಮನೆಯ ಸಂವಿಧಾನ). ಐವತ್ತನೇ ವಯಸ್ಸಿನಲ್ಲಿ ಪರೀಕ್ಷೆ ಪಾಸು ಮಾಡಿದ್ದಳು. ಆಮೇಲಿನ ಈ ಮೂರು ವರ್ಷವೂ ನಾನು ಅವಳಿಗೆ ಕಾರಿನ ಕೀಲಿ ಕೊಟ್ಟೇ ಇರಲಿಲ್ಲ.

ಧುಮುಗುಡುತ್ತಾ ಹೋಗಿ ಕಾರಿನ ಬಲಗಡೆ ಕೂತೆ. ನನ್ನ ಕೈಕಾಲುಗಳಿಗೆ ಗೊತ್ತಿದ್ದ ಜಾಗ ಅದು. ಆದರೆ ಅಲ್ಲಿ ಸ್ಟೀರಿಂಗೇ ಇಲ್ಲ! ಈ ಸೀಮೆಯಲ್ಲಿ ಅದು ಎಡಗಡೆ, ಚೆತ್ತಾಳ ಮುಂದಿತ್ತು. ಮೋದಿಕಾದವರೆಗೂ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನನ್ನ ಮೀನಖಂಡ ಹಿಡಿದುಕೊಂಡಿತು. ಪ್ರತಿ ತಿರುವಿನಲ್ಲೂ ನಮ್ಮೂರಿನ ಹಾಗೆ ರಸ್ತೆಯ ಎಡಕ್ಕೆ ಹೋಗು ಎಂದೆ. ಅವಳು ಅಲ್ಲಿಯ ನಿಯಮದಂತೆ ಬಲಕ್ಕೇ ಹೋದಳು. ಎಡದಲ್ಲಿ ಓಡಿಸಿ ಅಭ್ಯಾಸವೇ ಇಲ್ಲದವಳಿಗೆ ಬಲದ ತೊಂದರೆ ಎಲ್ಲಿಯದು? ನಡುವೆ ಕಾರು ನಿಲ್ಲಿಸಿ, ಕಟ್ಟಿಕೊಂಡು ಬಂದಿದ್ದ ಬ್ರೆಡ್ಡು, ಟ್ಯೂನಾ ಮೀನು ಕೂಡ ತಿಂದಳು. ಇಪ್ಪತ್ತು ಕಿಲೋಮೀಟರು ಅಂದರೆ ನಮ್ಮ ಪುಟ್ಟ ದ್ವೀಪದ ಜನಕ್ಕೆ ದೂರದ ಪ್ರಯಾಣವೇ.

ಚರ್ಚು ಕಣ್ಣಿಗೆ ಬಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ. ನಾಚಿಕೆ ಬಿಟ್ಟು ಕೇಳಿಕೊಂಡೆ.

"ಚೆತ್ತಾ, ಇದೊಂದು ಬೀದಿ ನಾನು ಓಡಿಸ್ತೀನಿ ಕಣೇ. ನುಂಜಿಯೊ ಮುಂದೆ ಮರ್ಯಾದೆ ಉಳಿಸು."

"ಇನ್ನೂರು ಅಡಿ ಮರ್ಯಾದೆ ಸಾಕೇನ್ರೀ?" ಎಂದು ಇಳಿದು, ನಡೆದೇ ಹೊರಟಳು.

ಎಡಗಡೆಯ ಸೀಟಿಗೆ ಹೋದೆ. ಗೇರು ಹಾಕಲು ಎಡಗೈ ಚಾಚಿದೆ, ಬಾಗಿಲು ತೆರೆದುಕೊಂಡಿತು. ಹೇಗೋ ಹೊರಡಿಸಿದೆ. ಮೂವತ್ತೆರಡು ವರ್ಷದ ಅಭ್ಯಾಸ ಕಾರನ್ನು ತಾನಾಗಿ ಬೀದಿಯ ಎಡಕ್ಕೆ ಒಯ್ದಿತು. ಚರ್ಚಿನ ತಿರುವಿನಲ್ಲಿ ಎದುರಿಗೆ, ಆಚೆ ಕಡೆಯಿಂದ ಬಂದ ಹೂವಿನ ಅಲಂಕಾರ ಮಾಡಿದ ಬಿಳಿ ಕಾರು, ಅದರೊಳಗೆ ಮದುಮಗಳು. ಎರಡೂ ಕಾರಿನ ಮೂತಿಗಳ ನಡುವೆ ಒಂದು ಗೇಣು.

ಬೀದಿ ಕಿರಿದು. ಮದುಮಗಳು ಮುಂದೆ ಹೋಗುವಂತಿಲ್ಲ. ಉಂಗುರ ನನ್ನ ಜೇಬಿನಲ್ಲಿ. ಹಿಂದಕ್ಕೆ ತೆಗೆಯೋಣವೆಂದರೆ ನನ್ನ ಬಲಗೈಗೆ ರಿವರ್ಸ್ ಸಿಗುತ್ತಿಲ್ಲ. ಗಂಟೆ ಬಾರಿಸತೊಡಗಿತು. ಇಡೀ ದಿಬ್ಬಣ ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟಿತು. ನುಂಜಿಯೊ ಮಗಳ ಕಾರಿನಿಂದ ಇಳಿದು ಬಂದು ನನ್ನ ಕಿಟಕಿಯಲ್ಲಿ ಬಗ್ಗಿ ನೋಡಿದರು.

ಅಷ್ಟರಲ್ಲಿ ಚೆತ್ತಾ ಹಿಂದಿರುಗಿ ಬಂದು ಬಾಗಿಲು ತೆರೆದಳು. "ಇಳೀರಿ. ಉಂಗುರ ಹಿಡ್ಕೊಂಡು ಓಡಿ," ಎಂದಳು. ನಾನು ಓಡಿದೆ. ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದರೆ ಅವಳು ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟಿದ್ದಳು.

ಊಟಕ್ಕೆ ಕೂತಾಗ ನುಂಜಿಯೊ ಎಲ್ಲರೆದುರು ಲೋಟ ಎತ್ತಿ, ಮಾಲ್ಟಾದ ಆ ಹೆಸರಾಂತ ಬಸ್ ಡ್ರೈವರು ಇವರೇ ಎಂದು ಚೆತ್ತಾಳನ್ನು ತೋರಿಸಿದರು. ಅವಳು ಎದ್ದು ನಿಂತು ತಲೆಬಾಗಿದಳು. ನಾನೂ ನನ್ನ ಲೋಟ ಎತ್ತಿದೆ.

ಮನೆಗೆ ಬಂದ ಮೇಲೆ ಕೀಲಿ ನನ್ನ ಕೈಗೆ ಮರಳಿಲ್ಲ. ಈಗ ಮಾಲ್ಟಾದಲ್ಲಿ ನಾನು ಎಡಗಡೆ ಕೂರುತ್ತೇನೆ. ಸ್ಟೀರಿಂಗು ಇಲ್ಲೂ ಇನ್ನೊಂದು ಕಡೆಯೇ ಇದೆ.