ಮೇಷ್ಟ್ರ ಮೂಗು

"ಚೀಲದಲ್ಲೇನ್ಲಾ ಐತೆ?" ಎಂದು ಕಂಡಕ್ಟರ್ ಜವರಯ್ಯ ಕೇಳಿದಾಗ "ಕಲ್ಲು" ಎಂದಿದ್ದರೆ ಇಂದುಧರನ ತಾಪತ್ರಯ ಹುಟ್ಟುತ್ತಲೇ ಇರಲಿಲ್ಲ. ಅವನು ನಿಜ ಹೇಳಿಬಿಟ್ಟ.

"ಮೇಷ್ಟ್ರ ತಲೆ."

ಹಗರೆಯಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಹೋಗುವ ಬೆಳಗಿನ ಬಸ್ಸು ಉಸಿರು ಬಿಗಿಹಿಡಿಯಿತು. ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಕತ್ತುಗಳು ಕೊಕ್ಕರೆಯ ಕತ್ತಿನಂತೆ ಉದ್ದವಾದವು.

"ಯಾವ ಮೇಷ್ಟ್ರು?"

"ಡ್ರಾಯಿಂಗ್ ಮೇಷ್ಟ್ರು. ವಿಮಲನಾಥ ಮೇಷ್ಟ್ರು."

"ಅಯ್ಯಯ್ಯೋ, ನಮ್ ಮೇಷ್ಟ್ರು! ಏನ್ಲಾ ಮಾಡ್ದೆ ಅವರ್ನ?"

"ತಲೆ ಮಾತ್ರ ಮಾಡಿದೀನಿ ಕಣೋ. ಮೈ ಮಾಡಕ್ಕೆ ಕಲ್ಲು ಸಾಲ್ಲಿಲ್ಲ."

ಇಂದುಧರ ಹಗರೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನೂ ಜವರಯ್ಯನೂ ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಮಲನಾಥ ಮೇಷ್ಟ್ರ ಶಿಷ್ಯರು. ಮೂವತ್ತು ವರ್ಷ ಮೇಷ್ಟ್ರು ಹೇಳಿಕೊಟ್ಟದ್ದು ಒಂದೇ ಮಾತು: "ಕಂಡದ್ದು ಬರಿ. ಗೊತ್ತಿರೋದು ಬರೀಬೇಡ." ಆ ಮಾತು ಹಿಡಿದು ಹೊರಟವರಲ್ಲಿ ಒಬ್ಬ ಲಾರಿಗಳ ಬೆನ್ನಿಗೆ ಹುಲಿ ಬರೆಯುತ್ತಿದ್ದ, ಒಬ್ಬ ಟೇಪಿಲ್ಲದೆ ಕಣ್ಣಳತೆಯಲ್ಲೇ ಜುಬ್ಬ ಹೊಲಿಯುತ್ತಿದ್ದ, ಜವರಯ್ಯ ಮುಖ ನೋಡಿಯೇ ಅರ್ಧ ಟಿಕೀಟೋ ಪೂರ್ತಿಯೋ ಹೇಳುತ್ತಿದ್ದ. ಇಂದುಧರ ಮಾತ್ರ ಏನು ಬರೆದರೂ ಹತ್ತಕ್ಕೆ ನಾಲ್ಕು. ಮೂರು ವರ್ಷವೂ ನಾಲ್ಕು. ಯಾಕೆ ನಾಲ್ಕು, ಐದಕ್ಕೆ ಏನು ಕಮ್ಮಿ ಎಂಬ ಪ್ರಶ್ನೆ ಅವನ ತಲೆಯಲ್ಲಿ ಇಪ್ಪತ್ತು ವರ್ಷದಿಂದ ಜೀರುಂಡೆಯ ಹಾಗೆ ಕೂಗುತ್ತಿತ್ತು.

ಅಂದು, ಎಪ್ಪತ್ತೆಂಟನೇ ಇಸವಿಯ ಮಾಘದಲ್ಲಿ, ನಿವೃತ್ತರಾದ ಮೇಷ್ಟ್ರಿಗೆ ಹಳೆಯ ಶಿಷ್ಯರೆಲ್ಲ ಸೇರಿ ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಇಂದುಧರ ಮೂರು ತಿಂಗಳು ಗುಟ್ಟಾಗಿ ಕೂತು, ಬಳಪದ ಕಲ್ಲಿನಲ್ಲಿ ಮೇಷ್ಟ್ರ ತಲೆ ಕೆತ್ತಿ, ಕೊಬ್ಬರಿಎಣ್ಣೆ ತಿಕ್ಕಿ ಕಪ್ಪಗೆ ಮಿಂಚಿಸಿದ್ದ. ಮೂಗಿಗೇ ಒಂದು ತಿಂಗಳು ಹಿಡಿದಿತ್ತು. ಆ ಮೂಗೂ ಅಂಥದ್ದೇ. ಕ್ಲಾಸಿಗೆ ಮೊದಲು ಮೂಗು ಬಂದು, ಆಮೇಲೆ ಮೇಷ್ಟ್ರು ಬರುತ್ತಿದ್ದರು. ಕತೆಯ ರಾಕ್ಷಸ ತನ್ನ ಪ್ರಾಣವನ್ನು ಗಿಣಿಯೊಳಗೆ ಇಟ್ಟಂತೆ ಇಂದುಧರ ತನ್ನ ಪ್ರಾಣವನ್ನು ಆ ಚೀಲದೊಳಗೆ ಇಟ್ಟಿದ್ದ. ಮೇಷ್ಟ್ರು ಒಂದು ಸಲ ನೋಡಿ ಐದು ಎಂದರೆ ಸಾಕಿತ್ತು.

ಹಳೇಬೀಡಿನಲ್ಲಿ ಹತ್ತಿ ಪಕ್ಕದಲ್ಲಿ ಕೂತ ರುದ್ರಮ್ಮ ಎಂಬ ಮುದುಕಿಗೆ ಬಸ್ಸಿನವರಿಂದ ತಲೆಯ ಸುದ್ದಿ ಕೇಳಿ ಕುತೂಹಲ ತಡೆಯಲಾಗಲಿಲ್ಲ. "ಒಸಿ ತೋರ್ಸಪ್ಪ, ನಿನ್ ಮೇಷ್ಟ್ರು ಹೆಂಗವ್ರೆ ನೋಡಾನ."

ಇಂದುಧರ ಚೀಲದ ಬಾಯಿ ಬಿಚ್ಚಿದ. ಕರಿ ಮುಖ, ಅರೆಮುಚ್ಚಿದ ಕಣ್ಣು. ರುದ್ರಮ್ಮ "ಸಿವನೇ!" ಎಂದು ಕೈಮುಗಿದು, ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಮೇಷ್ಟ್ರ ಹಣೆಗೆ ಮೂರು ಬೆರಳು ಎಳೆದೇಬಿಟ್ಟಳು.

"ಅಮ್ಮಾ, ಅವರು ಜೈನರು ಕಣಮ್ಮ!"

"ಇರ್ಲಿ ಬುಡು. ಹಣೆ ಖಾಲಿ ಇತ್ತು."

ಅಷ್ಟರಲ್ಲಿ ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಿತು. ಚೀಲ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದು ಟಣ್ ಎಂದಿತು. ಇಂದುಧರ ನೋಡುತ್ತಾನೆ, ಮೇಷ್ಟ್ರಿಗೆ ಮೂಗಿಲ್ಲ.

"ಮೂಗು! ಯಾರೂ ಕಾಲು ಅಲ್ಲಾಡಿಸ್ಬೇಡಿ!"

ಬಸ್ಸಿಗೆ ಬಸ್ಸೇ ಬಗ್ಗಿತು. ಕಡಲೆಕಾಯಿ ಸಿಪ್ಪೆ ಸಿಕ್ಕಿತು, ಒಂದು ಹವಾಯಿ ಚಪ್ಪಲಿ ಸಿಕ್ಕಿತು, ಮೂಗು ಸಿಗಲಿಲ್ಲ. ಮುಂದಿನ ಊರಿನಲ್ಲಿ ರುದ್ರಮ್ಮ ಸೆರಗಿನ ತುದಿಗೆ ಏನನ್ನೋ ಗಂಟು ಹಾಕಿಕೊಳ್ಳುತ್ತ ಇಳಿದುಹೋದಳು. ಅವಳು ಇಳಿದ ಬಾಗಿಲಿನಿಂದಲೇ ಹೆಡ್ ಕಾನ್‌ಸ್ಟೇಬಲ್ ಗಂಗಾಧರಪ್ಪ ಹತ್ತಿದ. ಹಳೆಯ ವಿಗ್ರಹ ಸಾಗಿಸುವವರ ಮೇಲೆ ಕಣ್ಣಿಡಿ ಎಂದು ಅವನಿಗೆ ಹಿಂದಿನ ದಿನವೇ ಕಾಗದ ಬಂದಿತ್ತು.

ಎಣ್ಣೆ, ವಿಭೂತಿ, ಮುರಿದ ಮೂಗು. ಮೂರನ್ನೂ ನೋಡಿ ಗಂಗಾಧರಪ್ಪ ಮೀಸೆ ಸವರಿದ. "ಇಳೀರಿ ಕೆಳಗೆ."

"ಗಂಗಾಧರಪ್ಪ! ನಾನು ಕಣೋ, ಇಂದುಧರ! ಒಂದೇ ಬೆಂಚು! ಇದು ನಮ್ ಮೇಷ್ಟ್ರು ಕಣೋ!"

"ನೀನು ಗೊತ್ತು ಕಣಪ್ಪ. ಆದ್ರೆ ಮೇಷ್ಟ್ರು ಏನ್ ಹೇಳ್ಕೊಟ್ಟವ್ರೆ? ಗೊತ್ತಿರೋದು ಬರೀಬೇಡ, ಕಂಡದ್ದು ಬರಿ. ನಂಗೆ ಕಾಣ್ತಿರೋದು ಹೊಯ್ಸಳರ ಕಾಲದ ಮೂರ್ತಿ."

ಬಸ್ಸು ಹೋಯಿತು. ಠಾಣೆಯಲ್ಲಿ ಗಂಗಾಧರಪ್ಪ ತಲೆಯನ್ನು ಮೇಜಿನ ಮೇಲಿಟ್ಟು ಅದರ ಚಿತ್ರ ಬರೆಯತೊಡಗಿದ. ಕಳ್ಳಮಾಲಿನ ಚಿತ್ರವನ್ನು ಅವನಷ್ಟು ಚೆನ್ನಾಗಿ ಬರೆಯುವವರು ಇಲಾಖೆಯಲ್ಲೇ ಇರಲಿಲ್ಲ. ನಡುನಡುವೆ ಲೊಚಗುಟ್ಟುತ್ತಿದ್ದ. "ಆಹಾ, ತುಟಿ ನೋಡು! ಈಗಿನೋರ ಕೈಲಿ ಆಯ್ತದಾ ಇದು?"

ಲಾಕಪ್ಪಿನೊಳಗೆ ಕೂತ ಇಂದುಧರನಿಗೆ ಅಳಬೇಕೋ ಹಿಗ್ಗಬೇಕೋ ತಿಳಿಯಲಿಲ್ಲ. "ಇನ್ನೊಂದ್ಸಲ ಹೇಳೋ" ಎಂದ.

ಮಧ್ಯಾಹ್ನ ಮೂರಕ್ಕೆ ರಸ್ತೆಯಲ್ಲಿ ಒಂದು ಕಾರು ಬಂತು. ಹಳೇಬೀಡಿನ ಮನೆಯಿಂದ ಮೇಷ್ಟ್ರನ್ನೇ ಸನ್ಮಾನಕ್ಕೆ ಕರೆದೊಯ್ಯುತ್ತಿದ್ದ ಕಾರು. ಗಂಗಾಧರಪ್ಪ ಓಡಿಹೋಗಿ ಅಡ್ಡ ನಿಂತು, ಮೇಷ್ಟ್ರನ್ನು ಠಾಣೆಯೊಳಗೆ ಕರೆತಂದ.

ಬಿಳಿ ಕೋಟು, ಕರಿ ಟೋಪಿ ತೊಟ್ಟ ವಿಮಲನಾಥ ಮೇಷ್ಟ್ರು ಒಂದು ಕಣ್ಣು ಮುಚ್ಚಿ, ಜೇಬಿನ ಕೆಂಪು ಪೆನ್ಸಿಲನ್ನು ಚಾಚಿ ಹಿಡಿದು ತಲೆಯ ಅಳತೆ ತೆಗೆದರು. ಇಂದುಧರ ಕಂಬಿಗೆ ಕೆನ್ನೆ ಒತ್ತಿ ನಿಂತ.

"ಇದು ನಾನಲ್ಲ" ಎಂದರು ಮೇಷ್ಟ್ರು.

"ಮೂಗು ಮುರಿದುಹೋಯ್ತು ಮೇಷ್ಟ್ರೇ!"

"ಮೂಗು ಬಿಟ್ಟು ನಾನೆಲ್ಲಿದೀನಪ್ಪ?" ಎನ್ನುತ್ತ ಮೇಷ್ಟ್ರು ಕಲ್ಲಿನ ರೆಪ್ಪೆಯ ಮೇಲೆ ಬೆರಳಾಡಿಸಿದರು. ಅವರ ದನಿ ಮೆತ್ತಗಾಯಿತು. "ನೋಡು ಗಂಗಾಧರಪ್ಪ, ಈ ಗೆರೆ... ಇದು ಎಂಟುನೂರು ವರ್ಷದ ಹಿಂದಿನ ಕೈ. ಇಂಥಾದ್ದಕ್ಕೆ ಹತ್ತಕ್ಕೆ ಹತ್ತು!" ಎಂದವರೇ ಗಂಗಾಧರಪ್ಪನ ಚಿತ್ರದ ಕೆಳಗೆ ಕೆಂಪಾಗಿ ಹತ್ತು ಬರೆದು, ಗೆರೆ ಎಳೆದು, ಸಹಿ ಹಾಕಿದರು.

"ಅದು ನನ್ನ ಕೈ ಮೇಷ್ಟ್ರೇ! ನಂದೇ!"

"ನಿನ್ನ ಕೈ ನಾಲ್ಕರ ಕೈ ಅಂತ ನನಗೆ ಗೊತ್ತಿಲ್ವೇನೋ?"

"ಗೊತ್ತಿರೋದು ಬಿಡಿ, ಕಂಡದ್ದು ಹೇಳಿ!"

ಮೇಷ್ಟ್ರು ತಬ್ಬಿಬ್ಬಾದರು. ಆ ಹೊತ್ತಿಗೆ ಬಾಗಿಲಲ್ಲಿ ರುದ್ರಮ್ಮ.

"ಮೂರ್ತಿ ಕದ್ದೋನ್ನ ಹಿಡಿದವ್ರೆ ಅಂತ ಊರೆಲ್ಲ ಗುಲ್ಲು. ಈ ಅಪ್ಪನೇ ಇರ್ಬೇಕು ಅಂತ ಬಂದೆ" ಎನ್ನುತ್ತ ಸೆರಗಿನ ಗಂಟು ಬಿಚ್ಚಿದಳು. "ಮಡಿಲಿಗೆ ಬಿತ್ತು, ಪ್ರಸಾದ ಅಂತ ಕಟ್ಕಂಡೆ. ಮನೇಲಿ ಬಿಚ್ಚಿದ್ರೆ ಮೂಗು! ಒಂಟಿ ಮೂಗ ಇಟ್ಕಂಡು ನಾನೇನಪ್ಪ ಮಾಡ್ಲಿ?"

ಗಂಗಾಧರಪ್ಪ ಮುದ್ರೆಯ ಅರಗು ಕರಗಿಸಿ ಮೂಗನ್ನು ಅದರ ಜಾಗಕ್ಕೆ ಒತ್ತಿ ಅಂಟಿಸಿದ. ಠಾಣೆಯಲ್ಲಿ ಈಗ ಇಬ್ಬರು ಮೇಷ್ಟ್ರು! ಬಾಯಲ್ಲಿದ್ದ ಎಲೆಅಡಿಕೆಯನ್ನು ಗಂಗಾಧರಪ್ಪ ಹೆದರಿ ನುಂಗಿಕೊಂಡ. ರುದ್ರಮ್ಮ ಒಮ್ಮೆ ಕಲ್ಲಿಗೆ, ಒಮ್ಮೆ ಕೋಟಿಗೆ ಕೈಮುಗಿದಳು. ಲಾಕಪ್ಪಿನ ಬೀಗ ತಾನಾಗಿಯೇ ಎಂಬಂತೆ ತೆರೆಯಿತು.

ಇಂದುಧರ ಹೊರಗೆ ಬಂದು ಮೇಷ್ಟ್ರ ಕಾಲಿಗೆ ಬಿದ್ದು ಎದ್ದ. ಹತ್ತು! ಸಹಿ ಸಮೇತ ಹತ್ತು!

ಮೇಷ್ಟ್ರು ಮತ್ತೆ ಒಂದು ಕಣ್ಣು ಮುಚ್ಚಿದರು. ಪೆನ್ಸಿಲಿನಿಂದ ಕಲ್ಲಿನ ಮೂಗು ಅಳೆದರು. ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು. ಮತ್ತೆ ಅಳೆದರು. ಆಮೇಲೆ ಗಂಗಾಧರಪ್ಪನ ಹಾಳೆಯನ್ನು ಎಳೆದುಕೊಂಡು ಹತ್ತನ್ನು ಅಡ್ಡಗೆರೆಯಿಂದ ಹೊಡೆದುಹಾಕಿದರು.

"ಮೂಗು ಒಂದು ನೂಲು ಜಾಸ್ತಿ ಆಯ್ತು ಕಣೋ" ಎಂದರು. "ನಾಲ್ಕು."

ಕಾರು ತಲೆಯನ್ನೂ ಮೇಷ್ಟ್ರನ್ನೂ ಹೊತ್ತು ಅರಸೀಕೆರೆಯ ಕಡೆ ಹೊರಟಿತು. ಅದರಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ. ಧೂಳು ಅಡಗುವವರೆಗೆ ನೋಡುತ್ತ ನಿಂತಿದ್ದ ಇಂದುಧರ ಮೆಲ್ಲಗೆ ಹೇಳಿದ:

"ಗಂಗಾಧರಪ್ಪ, ಒಂದು ಉಪಕಾರ ಮಾಡೋ. ಓಡಿಹೋಗಿ ಆ ಮೂಗು ಕಿತ್ಕೊಂಡು ಬಾ. ನನ್ನ ಮತ್ತೆ ಒಳಕ್ಕೆ ಹಾಕು."