ನೀರುಗಂಟಿಯ ಬಣ್ಣದ ಮೀನು

ನನ್ನ ತಮ್ಮ ಈ ಅರವತ್ತೆಂಟು ವರ್ಷದಲ್ಲಿ ಒಬ್ಬ ಮನುಷ್ಯನ ಮುಖ ನೋಡಿ "ಉಂಡ್ರಾ?" ಅಂತ ಕೇಳಿದೋನಲ್ಲ. ಮೀನಿಗೆ ಕೇಳ್ತಾನೆ!

ದಿನಾ ಬೆಳಿಗ್ಗೆ ಹಿತ್ತಲ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂಗು ನೀರಿಗೆ ತಾಕೋ ಅಷ್ಟು ಬಗ್ಗಿ, "ಯಾಕ್ರಪ್ಪಾ, ನೆನ್ನೆ ಸರ್ಯಾಗ್ ಉಣ್ನಿಲ್ವಲ್ಲಾ?" ಅಂತಾನೆ. ಹಿಂದೆ ಮಂಡಿ ನೋವಿಗೆ ಗೋಡೆ ಹಿಡ್ಕೊಂಡು ನಿಂತ ಅಕ್ಕ ಉಂಡಳೋ ಬಿಟ್ಟಳೋ, ಅದು ಅವನ ಇಲಾಖೆಗೆ ಬರಲ್ಲ. ನನಗೆ ಬಾಲ ಇಲ್ಲವಲ್ಲ!

ಇವನು ಕೆಲಸದಲ್ಲಿದ್ದಾಗ ನೀರುಗಂಟಿ. ಕಾಲುವೆ ತೂಬಿನ ಬೀಗದ ಕೈ ಉಡಿದಾರಕ್ಕೆ ಕಟ್ಕೊಂಡು, ಇವತ್ತು ಯಾರ ಗದ್ದೆಗೆ ನೀರು, ನಾಳೆ ಯಾರ ಗದ್ದೆಗೆ ಅಂತ ಸರದಿ ಪ್ರಕಾರ ಬಿಡೋ ಕೆಲಸ. ಪಾಲಹಳ್ಳಿ ಸುತ್ತ ಮೂವತ್ತೆಂಟು ವರ್ಷ ಅದೇ ಮಾಡಿದ. ಮದುವೆ ಮಾಡ್ಕೊಳ್ಳಲಿಲ್ಲ. ಯಾವ ಹೆಣ್ಣು ತಾನೆ ಸರದಿ ಕಾಯ್ತಾಳೆ?

ನಮ್ಮಪ್ಪನ ಗದ್ದೆ ಇದ್ದದ್ದು ಆ ಕಾಲುವೆಯ ಕೊನೆ ಭಾಗದಲ್ಲಿ. ಕೊನೆ ಭಾಗ ಅಂದ್ರೆ ಗೊತ್ತಲ್ಲ, ಮೇಲಿನವರು ಗದ್ದೆ ತುಂಬಿಸ್ಕೊಂಡು, ದನ ತೊಳ್ಕೊಂಡು, ಬಟ್ಟೆ ಒಗ್ಕೊಂಡು, ಇನ್ನು ಸಾಕು ಅಂತ ಆಕಳಿಸಿದ ಮೇಲೆ ನೀರು ಬರೋ ಜಾಗ. ಒಂದು ಸಾರಿ ಅಪ್ಪ ಇವನ ಹತ್ರ ಬಂದು, "ಲೋ ಮಗ, ಒಂದ್ ಗಳಿಗೆ ಬುಡ್ಲಾ, ಪೈರು ಬಾಡ್ತಾ ಅದೆ" ಅಂತ ಕೇಳ್ಕೊಂಡ. ಇವನು, "ಸರದಿ ಬರ್ಲಿ ಕಣಪ್ಪ" ಅಂದ. ಸರದಿ ಬಂತು. ಪೈರು ಹೋಗಿತ್ತು. ಅಪ್ಪ ಒಂದು ವರ್ಷ ಇವನ ಜೊತೆ ಮಾತು ಬಿಟ್ಟ. ಇವನಿಗೆ ಅದು ಗೊತ್ತೇ ಆಗಲಿಲ್ಲ. ಮೊದಲೇ ಎಲ್ಲಿ ಮಾತಾಡ್ತಿದ್ದ!

ಇನ್ನು ನಾನು. ಈ ಮನೆಯ ಕೊನೆ ಭಾಗ ನಾನೇ. ಇಪ್ಪತ್ತಾರಕ್ಕೆ ಗಂಡ ಸತ್ತ. ತಿಥಿ ಮುಗಿದ ಮಾರನೇ ದಿನ ಅವನ ಬೆಳ್ಳಿ ಉಡಿದಾರ ಕಾಣಲಿಲ್ಲ. "ನೀನೇ ತವರಿಗೆ ಸಾಗ್ಸಿದ್ದೀಯ" ಅಂದಳು ಅತ್ತೆ. ಕಳ್ಳಿ ಅನ್ನಿಸ್ಕೊಂಡು ಗಂಡನ ಊರು ನಾಗಮಂಗಲ ಬಿಟ್ಟೆ. ನನ್ನನ್ನ ಕರ್ಕೊಂಡು ಬರೋಕೆ ಬಂದೋನು ಇವನೇ, ಆಗ ಇಪ್ಪತ್ತರ ಹುಡುಗ. ನನ್ನ ಟ್ರಂಕು ತಲೆ ಮೇಲೆ ಹೊತ್ಕೊಂಡು ಮುಂದೆ ನಡೆದ. ದಾರಿ ಉದ್ದಕ್ಕೂ ಆಡಿದ್ದು ಒಂದೇ ಮಾತು. "ನೀನು ಕದ್ದಿಲ್ಲ ಅಂತ ನಂಗೊತ್ತು." ಉಡಿದಾರ ಆಮೇಲೆ ರಾಗಿ ತುಂಬಿಡೋ ವಾಡೆಯಲ್ಲಿ ಸಿಕ್ಕಿತಂತೆ. ಅತ್ತೆ ಮನೆಯಿಂದ ಯಾರೂ ಬಂದು ನನಗೆ ಹೇಳಲಿಲ್ಲ. ಬಸ್ಸಲ್ಲಿ ಪಕ್ಕ ಕೂತ ಆ ಊರಿನ ಯಾರೋ ಹೇಳಿದ್ರು.

ತವರಿಗೆ ವಾಪಸು ಬಂದ ಹೆಣ್ಣಿಗೆ ಏನಿರ್ತದೆ? ಎಲ್ಲರಿಗೂ ಬಡಿಸಿದ ಮೇಲೆ ತಳದ ಸಾರು, ಎಲ್ಲರೂ ಮಿಂದ ಮೇಲೆ ಬಿಸಿ ಇಲ್ಲದ ನೀರು. ನನ್ನದು ಅಂತ ಇದ್ದದ್ದು ಹಿತ್ತಲಲ್ಲಿ ನಾಲ್ಕು ಪಾತಿ. ದಂಟು, ಕೀರೆ, ಸಬ್ಬಸಿಗೆ, ಕೊತ್ತಂಬರಿ. ಕಟ್ಟು ಕಟ್ಟಿ ಬಸ್ ಸ್ಟಾಪಿನಲ್ಲಿ ಮಾರ್ತಿದ್ದೆ. ಅಪ್ಪ ಅಮ್ಮ ಹೋದ ಮೇಲೂ ಪಾತಿ ಇತ್ತು.

ಇವನು ರಿಟೈರ್ ಆದ. ಮೊದಲು ಕಾಲುವೆ ಏರಿ ಮೇಲೆ ಕೂತು ಹೊಸ ನೀರುಗಂಟಿಯನ್ನ ಬೈಯೋದೇ ಕೆಲಸ ಮಾಡ್ಕೊಂಡ. ಆ ಮಾರಾಯ ಬೇಸತ್ತು ಬೇರೆ ಕಡೆಗೆ ವರ್ಗ ಮಾಡಿಸ್ಕೊಂಡ. ಬೈಯೋಕೆ ಯಾರೂ ಇಲ್ಲದೆ ಇವನು ಮೊಬೈಲು ಹಿಡಿದ. ಅದರಲ್ಲಿ ಯಾವನೋ ತೋಟದ ಕೊಳದಲ್ಲಿ ಬಣ್ಣಬಣ್ಣದ ಮೀನು ಸಾಕಿದ್ದ. ಬಂತಲ್ಲ ಗ್ರಹಚಾರ!

ಕ್ಯಾತನಹಳ್ಳಿಯಲ್ಲಿ ಒಂದು ಆಲೆಮನೆ ನಿಂತುಹೋಗಿತ್ತು. ಅಲ್ಲಿಂದ ಬೆಲ್ಲ ಕಾಯಿಸೋ ದೊಡ್ಡ ಕೊಪ್ಪರಿಗೆಯನ್ನ ಟ್ರಾಕ್ಟರಲ್ಲಿ ಹಾಕ್ಕೊಂಡು ಬಂದ. ಅಂಗಳದಲ್ಲಿ ಇಟ್ಟು, ನೀರು ತುಂಬಿಸಿ, ನಾಲ್ಕು ಚಿನ್ನದ ಬಣ್ಣದ ಮೀನು ಬಿಟ್ಟ. ಶಿವರಾತ್ರಿ ಆದಮೇಲಿನ ಬಿಸಿಲು, ಕಬ್ಬಿಣದ ಕೊಪ್ಪರಿಗೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು. ಕೊಪ್ಪರಿಗೆ ತನ್ನ ಕಸುಬು ಮರೆತಿರಲಿಲ್ಲ!

"ಬುಡ್ಲಾ ಇನ್ನ, ಸಾಕು" ಅಂದೆ. "ಊಂ" ಅಂದ. ಅವನ "ಊಂ" ನಂಬಿ ನಾನು ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿದೆ. ಕೆ.ಆರ್. ಪೇಟೆಯಲ್ಲಿ ತಂಗಿ ಮೊಮ್ಮಗಳ ಬಾಣಂತನ. ಎರಡು ತಿಂಗಳು ಬಿಟ್ಟು ಬಂದು ಹಿತ್ತಲ ಬಾಗಿಲು ತೆಗೆದ್ರೆ ಪಾತಿ ಇಲ್ಲ! ಎದೆಮಟ್ಟ ಗುಂಡಿ, ಸಿಮೆಂಟು, ಸುತ್ತ ಕಲ್ಲು.

"ನನ್ ಸೊಪ್ಪೆಲ್ಲಾ?"

"ಕಿತ್ತು ಹಸೂಗ್ ಹಾಕ್ದೆ. ಚೆನ್ನಾಗ್ ತಿಂತು."

ಹಸು ತಿಂದದ್ದು ನನ್ನ ನಲವತ್ತೈದು ವರ್ಷ. ಅದಕ್ಕೇನು ಗೊತ್ತು ಪಾಪ. ಗೊತ್ತಿರಬೇಕಾದೋನಿಗೇ ಗೊತ್ತಿರಲಿಲ್ಲ.

ಮೀನು ತಂದುಕೊಟ್ಟೋರು ಪಟ್ಟಣದ ಸಾಬರು. ಮೋಟಾರು ರಿಪೇರಿ ಮಾಡ್ತಾರೆ, ಜೊತೆಗೆ ಬಣ್ಣದ ಮೀನು ಮಾರ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಹನ್ನೆರಡು ಮೀನು, ಗೇಣುದ್ದದವು. ಕೋಯಿ ಅಂತ ಹೆಸರಂತೆ, ಜಪಾನಿನ ಜಾತಿಯಂತೆ.

"ಸಾರಿಗೆ ಎಂಗಿರ್ತದೆ ಸಾಬರೇ?" ಅಂತ ಕೇಳಿದೆ.

"ಯಾ ಅಲ್ಲಾ! ಅಜ್ಜಿ, ಇದು ತಿನ್ನೋ ಮೀನಲ್ಲ. ಖಾಲಿ ನೋಡೋ ಮೀನು."

"ನೋಡಿದ್ರೆ ಹೊಟ್ಟೆ ತುಂಬ್ತದಾ?"

"ಅದು ಚಾಚಾನ್ನೇ ಕೇಳಿ" ಅಂತ ನಕ್ಕರು. ಹೋಗೋವಾಗ ಇವನಿಗೆ ಒಂದು ಮಾತು ಹೇಳಿದ್ರು. "ಚಾಚಾ, ಕಾಲುವೆ ನೀರು ಬಿಡೋದಾದ್ರೆ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ. ಏನೇನೋ ಬಂದುಬಿಡ್ತದೆ."

ಇವನು ಎದೆ ಉಬ್ಬಿಸಿದ. "ಮೂವತ್ತೆಂಟ್ ವರ್ಸ ನೀರ್ ಬುಟ್ಟೋನ್ಗೆ ನೀರ್ ಬುಡೋದ್ ಏಳ್ಕೊಡ್ತೀರಾ?"

ನಾನು ನನ್ನ ಹಳೇ ಸೀರೆ ತುಂಡು ತಂದುಕೊಟ್ಟೆ. ಅದನ್ನ ಕೈ ಒರೆಸ್ಕೊಂಡು ವಾಪಸು ಕೊಟ್ಟ!

ಬೋರಿನ ನೀರು ಸತ್ತ ನೀರಂತೆ. ನಾಲೆ ನೀರಿಗೆ ಜೀವ ಇದೆಯಂತೆ. ಸರಿ, ಮನೆ ಹಿಂದಿನ ಸಣ್ಣ ಕಾಲುವೆಯಿಂದ ಪೈಪು ಎಳೆದ. ಅದೂ ಊರ ಸರದಿ ಬಂದಾಗ ಮಾತ್ರ. ಪೈಪಿಗೊಂದು ಪುಟ್ಟ ತೂಬು, ತೂಬಿಗೊಂದು ಬೀಗ. ಮೀನಿಗೂ ಸರದಿ! ಕಾಳು ಹಾಕೋವಾಗ ಯಾವುದಾದರೂ ಎರಡನೇ ಸಲ ಬಾಯಿ ಹಾಕಿದ್ರೆ, "ಲೇ ಕೆಂಪ, ನಿಂದಾಯ್ತಲ್ಲಾ, ಸರ್ಕೊಳ್ಲಾ! ಇಂದ್ಗಡೆ ಇರೋನು ಮಣ್ ತಿನ್ಬೇಕಾ?" ಅಂತ ಕೂಗ್ತಿದ್ದ. ಊರವರೆಲ್ಲ ಬಂದು ಸೆಲ್ಫಿ ತಗೊಂಡ್ರು. ಮೀನಿನ ಜೊತೆ ಅಲ್ಲ, ಇವನ ಜೊತೆ.

ಹನ್ನೆರಡರಲ್ಲಿ ಒಂದಿತ್ತು. ಮೈಯೆಲ್ಲ ಅಚ್ಚ ಬಿಳಿ, ನೆತ್ತಿ ಮೇಲೆ ಮಾತ್ರ ಗುಂಡಗೆ ಕೆಂಪು. ಪಕ್ಕದ ಮನೆಯವಳು ನೋಡಿ, "ಅಯ್ಯೋ, ಮುತ್ತೈದೆ ಇದ್ದಂಗದೆ!" ಅಂದಳು. ಅವತ್ತಿಂದ ಅದಕ್ಕೆ ಮುತ್ತೈದೆ ಅಂತಲೇ ಹೆಸರಾಯ್ತು. ಇವನಿಗೆ ಅದರ ಮೇಲೇ ಪ್ರಾಣ. ನಾನು ನನ್ನ ಬರೀ ಹಣೆ ಒರೆಸ್ಕೊಂಡು ಒಳಗೆ ಬಂದೆ. ಇಪ್ಪತ್ತಾರಕ್ಕೆ ನನ್ನಿಂದ ಕಿತ್ಕೊಂಡಿದ್ದನ್ನ ಒಂದು ಮೀನು ಇಟ್ಕೊಂಡು ಮೆರೀತಾ ಇದ್ರೆ ನನಗೇನು ಹಬ್ಬವೇ?

ಮೂರ್ನಾಲ್ಕು ತಿಂಗಳು ಚೆನ್ನಾಗೇ ನಡೀತು. ಆಮೇಲೆ ಒಂದು ಬೆಳಿಗ್ಗೆ ಎಣಿಸಿದ್ರೆ ಹನ್ನೊಂದು. ವಾರ ಬಿಟ್ಟು ಹತ್ತು. ಮೊದಲು ರಂಗನತಿಟ್ಟಿನ ಕೊಕ್ಕರೆ ಮೇಲೆ ಅನುಮಾನ ಬಂತು. ಕೊಳದ ಮೇಲೆ ಬಲೆ ಕಟ್ಟಿದ. ಒಂಬತ್ತು. ಬೆಕ್ಕಿನ ಮೇಲೆ ಅನುಮಾನ ಬಂತು. ಬೆಕ್ಕನ್ನ ಗೋಣಿಚೀಲದಲ್ಲಿ ಹಾಕ್ಕೊಂಡು ಬಾಬುರಾಯನಕೊಪ್ಪಲಿನಲ್ಲಿ ಬಿಟ್ಟುಬಂದ. ಏಳು. ಮೂರು ದಿನಕ್ಕೆ ಬೆಕ್ಕು ವಾಪಸು ಬಂತು, ಮೀನು ಬರಲಿಲ್ಲ.

ಕೊಕ್ಕರೆ ಆಯ್ತು, ಬೆಕ್ಕು ಆಯ್ತು. ಇನ್ನು ಯಾರ ಸರದಿ?

ಒಂದಿನ ನಾನು ಒಲೆ ಮುಂದೆ ಕೂತಿದ್ದೆ. ಇವನು ಬಂದು ಮಡಕೆ ಮುಚ್ಚಳ ಎತ್ತಿ ಮೂಸಿದ.

"ಏನ್ ಸಾರು?"

"ಬಸ್ಸಾರು."

ಇನ್ನೊಂದು ಸಲ ಮೂಸಿದ. ಸೊಪ್ಪನ್ನ ಕಾಸು ಕೊಟ್ಟು ತಂದಿದ್ದೆ, ನನ್ನ ಪಾತಿಯಲ್ಲಿ ಇವನು ಮೀನು ಬಿಟ್ಟಿದ್ದನಲ್ಲ! ಅಂಥಾ ಸಾರಲ್ಲಿ ಮುಳ್ಳು ಹುಡುಕ್ತಾನೆ! ಮೂಲೆಯಲ್ಲಿ ಒಂದು ಹಳೇ ಮಡಕೆ ಇತ್ತು, ಕಂಠ ಕಿರಿದು, ತಳ ಬಿರುಕು. ಎತ್ಕೊಂಡು ಹೋಗಿ ಕೊಳಕ್ಕೆ ಎಸೆದೆ. "ಇದ್ರೊಳ್ಗೂ ಉಡುಕ್ಲಾ!" ಅಂದೆ. ಗುಳುಗುಳು ಅಂತ ಮುಳುಗ್ತು.  ಅವನು ಅದನ್ನ ತೆಗೀಲಿಲ್ಲ.

ಐದಾಯ್ತು. ಮೂರಾಯ್ತು. ಕೊನೆಗೆ ಮುತ್ತೈದೆ ಒಂದೇ ಉಳೀತು. ಅದೂ ಒಂದು ಬೆಳಿಗ್ಗೆ ಕಾಣಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಇವನು ಜಗಲಿ ಮೇಲೆ ಬಂದು ನನ್ನ ಎದುರಿಗೆ ನಿಂತ. ಮುಖ ಸುಣ್ಣದಂಗೆ ಆಗಿತ್ತು.

"ಅಕ್ಕ, ನಿಜ ಏಳು. ನೀನೇ ತಾನೆ?"

"ಏನು ನಾನೇ ತಾನೆ?"

"ಸೊಪ್ಪಿನ್ ಸಿಟ್ಗೆ ಒಂದೊಂದೇ ತೆಗ್ದಿದ್ದೀಯ. ಅದ್ನಾದ್ರೂ ಬುಡ್ಬಾರ್ದಿತ್ತಾ? ಅದ್ನ ಕಂಡ್ರೇ ಉರ್ಕೋತಿದ್ದೆ ನೀನು."

ಉರ್ಕೋತಿದ್ದದ್ದು ನಿಜ. ಕದ್ದದ್ದು ಸುಳ್ಳು. ಅತ್ತೆ ಕಳ್ಳಿ ಅಂದಾಗ ನಾನು ಅತ್ತಿರಲಿಲ್ಲ, ಅವಳು ಬೇರೆಯವಳು. ಇವನು ನನ್ನ ಟ್ರಂಕು ಹೊತ್ತೋನು! ಒಳಗೆ ಹೋಗಿ ಅದೇ ಟ್ರಂಕು ದರದರ ಎಳ್ಕೊಂಡು ಬಂದು ಜಗಲಿ ಮೇಲೆ ಇಟ್ಟೆ.

"ಕೊಳ ಖಾಲಿ ಮಾಡ್ಲಾ. ತಳ ನೋಡು. ನೋಡಿ ಆಮೇಲೆ ಕಳ್ಳಿ ಅನ್ನು, ಇವತ್ತೇ ಕೆ.ಆರ್. ಪೇಟೆ ಬಸ್ ಅತ್ತೀನಿ. ಅಲ್ಲೀಗಂಟ ಈ ಟ್ರಂಕು ಇಲ್ಲೇ ಇರ್ತದೆ."

"ನೀರು ದಂಡ ಆಯ್ತದೆ" ಅಂದ.

ನೋಡಿ! ಎಪ್ಪತ್ನಾಲ್ಕು ವರ್ಷದ ಅಕ್ಕ ಮನೆ ಬಿಡ್ತೀನಿ ಅಂದ್ರೆ ಇವನಿಗೆ ನೀರಿನ ಚಿಂತೆ! ನಾನು ಟ್ರಂಕಿನ ಮೇಲೆ ಕೂತೆ. ಅವನು ಹಿತ್ತಲಿಗೆ ನಡೆದ. ಮೋಟಾರು ಹಾಕಿದ. ನಾನೂ ಎದ್ದು ಹೋಗಿ ಕೊಳದ ಅಂಚಲ್ಲಿ ನಿಂತೆ.

ನೀರು ಇಳೀತಾ ಇಳೀತಾ ಮಂಡಿಮಟ್ಟಕ್ಕೆ ಬಂತು. ಆಗ ಮೂಲೆಯಲ್ಲಿ ಕೆಸರು ದಡಬಡ ಅಂತು. ಇವನು ಇಳಿದು ಎರಡೂ ಕೈಲಿ ಅದುಮಿ ಎತ್ತಿದ. ಕೊರವ ಮೀನು! ಒಂದು ಮೊಳ ಉದ್ದ, ಹಾವಿನ ತಲೆ, ಹೊಟ್ಟೆ ಬಸುರಿಯಂಗೆ. ಕಾಲುವೆ ನೀರಲ್ಲಿ ಬೆರಳುದ್ದದ ಮರಿಯಾಗಿ ಬಂದು, ಜಪಾನಿನ ಊಟ ಮಾಡಿ ಮಾಡಿ ಬೆಳೆದಿತ್ತು. ಬಟ್ಟೆ ಕಟ್ಟದ ಪೈಪಿನಿಂದ ಬಂದ ಅತಿಥಿ.

ಇವನು ಕೆಸರಲ್ಲಿ ನಿಂತು ಬಾಯಿ ತೆರೆದ, ಮುಚ್ಚಿದ. ಮೀನೂ ಹಂಗೇ ಮಾಡ್ತಿತ್ತು.

ಆಮೇಲೆ ಕಾಲಿಗೆ ನನ್ನ ಮಡಕೆ ತಾಕ್ತು. ಎತ್ತಿದ. ಒಳಗೆ ಏನೋ ಪಟಪಟ ಬಡೀತು. ಬಗ್ಗಿ ನೋಡಿದ, ಎಷ್ಟೋ ಹೊತ್ತು ನೋಡಿದ. ಮುತ್ತೈದೆ! ಕಿರಿದಾದ ಕಂಠದೊಳಗೆ ಅದು ತೂರಿತ್ತು, ಕೊರವನಿಗೆ ತೂರೋಕೆ ಆಗಿರಲಿಲ್ಲ. ನನ್ನ ಸಿಟ್ಟಿನೊಳಗೆ ಕೂತು ಜೀವ ಉಳಿಸ್ಕೊಂಡಿತ್ತು ಆ ಮುಂಡೇದು.

"ಈಗ್ ಏಳ್ಲಾ" ಅಂದೆ.

ಏನು ಹೇಳ್ತಾನೆ? ತಪ್ಪಾಯ್ತು ಅನ್ನೋ ಮಾತು ಅವನ ಗಂಟಲಲ್ಲಿ ತುಕ್ಕು ಹಿಡಿದ ತೂಬಿನ ಹಲಗೆಯಂಗೆ ಸಿಕ್ಕೊಂಡಿತ್ತು. ಕೊರವನನ್ನ ನನ್ನ ಕೈಗೆ ಕೊಟ್ಟ, ಅಷ್ಟೇ. ನಾನು ಹುಣಿಸೆಹಣ್ಣು ಕಿವುಚಿ, ಖಾರ ಅರೆದು ಸಾರು ಮಾಡಿದೆ. ಕೊಳ ಮಾಡಿದಾಗಿಂದ ಮೀನು ಮುಟ್ಟದೋನು ಎರಡು ಮುದ್ದೆ ಇಳಿಸಿದ.

"ಏನ್ಲಾ, ಮನಸಾರೆ ತಿಂತಾ ಇದ್ದೀಯ?" ಅಂದೆ.

"ನನ್ ಅನ್ನೊಂದ್ ಮೀನೂ ಇದ್ರೊಳ್ಗೇ ಅವಲ್ಲಕ್ಕ. ಬೇರೇರ್ ಒಟ್ಟೆಗ್ ಯಾಕ್ ಓಗ್ಬೇಕು?" ಅಂದ.

ನಗು ಬಂತು. ನಗಲಿಲ್ಲ. ಟ್ರಂಕೂ ಜಗಲಿ ಬಿಟ್ಟು ಕದಲಲಿಲ್ಲ. ಅವತ್ತು ನಾಗಮಂಗಲದಿಂದ ಯಾರೂ ಬಂದು ನನ್ನದು ತಪ್ಪಲ್ಲ ಅನ್ನಲಿಲ್ಲ. ಇವನಾದರೂ ಬಾಯಿಬಿಟ್ಟು ಅನ್ನಲಿ ಅಂತ ಕಾದೆ. ಒಂದು ದಿನ, ಎರಡು ದಿನ. ಅವನು ಹಿತ್ತಲಲ್ಲಿ ಗುದ್ದಲಿ ಹಿಡಿದು ಅದೇನೋ ಮಾಡ್ತಿದ್ದ. ನಾನು ಆ ಕಡೆ ತಿರುಗಿ ನೋಡಲಿಲ್ಲ.

ಐದನೇ ದಿನ ಬೆಳಿಗ್ಗೆ ಕಾಲುವೆಗೆ ನೀರು ಬಂತು. ಇವನು ಜಗಲಿಗೆ ಬಂದು ಕೈ ಚಾಚಿದ. ಅಂಗೈಯಲ್ಲಿ ಬೀಗದ ಕೈ.

"ಏನ್ಲಾ ಇದು?"

"ಬಾ ಕಣಕ್ಕ."

ಹೋಗಿ ನೋಡಿದೆ. ಕೊಳದ ಅರ್ಧಕ್ಕೆ ಅಡ್ಡಗೋಡೆ ಎದ್ದಿತ್ತು. ಒಂದು ಕಡೆ ಮುತ್ತೈದೆ, ಮೊಣಕಾಲುದ್ದ ನೀರಲ್ಲಿ. ಇನ್ನೊಂದು ಕಡೆ ಮಣ್ಣು ತುಂಬಿ ನಾಲ್ಕು ಪಾತಿ, ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಪೈಪಿನ ಬಾಯಿಗೆ ನನ್ನ ಹಳೇ ಸೀರೆ ತುಂಡು ಬಿಗಿಯಾಗಿ ಕಟ್ಟಿತ್ತು.

"ಮೀನ್ಗೆ ತುಂಬುಸ್ಲಾ ಮೊದ್ಲು. ಉಳುದ್ರೆ ನಂಗೆ" ಅಂದೆ. ಅಭ್ಯಾಸ.

ಅವನು ನನ್ನ ಮುಖ ನೋಡಲಿಲ್ಲ, ಪಾತಿ ನೋಡ್ತಾ ಹೇಳಿದ. "ಇಲ್ಲ. ಮೊದ್ಲು ಕೊನೆ ಭಾಗಕ್ಕೆ."

ಹೆತ್ತ ಅಪ್ಪನಿಗೆ ಸರದಿ ತಪ್ಪಿಸಿ ಒಂದು ಗಳಿಗೆ ನೀರು ಬಿಡದೋನು! ನಾನು ಬೀಗ ತೆಗೆದೆ, ಹಲಗೆ ಎತ್ತಿದೆ. ನೀರು ಪಾತಿಯೊಳಗೆ ಹರೀತು, ಮಣ್ಣು ಕಪ್ಪಾಗ್ತಾ ಹೋಯ್ತು. ತಿರುಗಿ ನೋಡಿದ್ರೆ ಅವನಿಲ್ಲ. ಹಿತ್ತಲ ಬಾಗಿಲಿಂದ ಇಣುಕಿದ್ರೆ, ಜಗಲಿ ಮೇಲಿನ ಟ್ರಂಕನ್ನ ತಲೆ ಮೇಲೆ ಹೊತ್ಕೊಂಡು ಒಳಗೆ ಹೋಗ್ತಿದ್ದ, ಅರವತ್ತೆಂಟು ವರ್ಷದ ಮುದುಕ.

"ಬಾಗ್ಲು ಗಿಡ್ಡ ಕಣ್ಲಾ, ಬಗ್ಗು!" ಅಂತ ಕೂಗಿದೆ.

ಟ್ರಂಕು ಇಳಿಸಿದ ಸದ್ದಾಯ್ತು. ಆಮೇಲೆ ಒಳಗಿನಿಂದ, ಮೀನಿಗೆ ಕೇಳೋ ಅದೇ ದನಿ.

"ಅಕ್ಕ, ಉಂಡ್ಯಾ?"

"ಇಲ್ಲ ಕಣ್ಲಾ" ಅಂದೆ.

ಸುಳ್ಳು. ಬೆಳಿಗ್ಗೆ ಎದ್ದೇಟಿಗೆ ಎರಡು ರೊಟ್ಟಿ ತಿಂದಿದ್ದೆ.