ಭೋಂಗಾದಲ್ಲಿ ಸಿಕ್ಕಿಕೊಂಡ ಕೊಳವೆ

"ಬೆಳ್ಳುಳ್ಳಿ ಜಜ್ಜಾಕ ನನ್ನ ಮೌತ್‌ಪೀಸನ ಬೇಕಾಗಿತ್ತೇನ್ರಿ, ರಂಗೂಬಾಯಿ? ನಿಮ್ಮ ಮನ್ಯಾಗ ಒಂದು ಕಲ್ಲಿರಲಿಲ್ಲೇನು?"

"ದನಿ ಇಳಿಸಿ ಮಾತಾಡೋ ಮುರುಗೆಪ್ಪ! ಕಟ್ಟಿ ಮ್ಯಾಲೆ ಬಿದ್ದಿತ್ತು. ಹಿತ್ತಾಳಿ ಕುಟ್ಟಾಣಿ ಅಂತ ತಿಳಿದೆ."

ಪುಣೆಯ ಶನಿವಾರ ಪೇಟೆಯ ಆ ವಠಾರದಂಥ ವಾಡೆಯಲ್ಲಿ ಎಲ್ಲ ಬಾಗಿಲುಗಳೂ ತೆರೆದವು. ಮುರುಗೆಪ್ಪ ಮದುವೆ ಬ್ಯಾಂಡಿನಲ್ಲಿ ಟ್ಯೂಬಾ ಊದುವವನು. ಎಮ್ಮೆಕರುವಿನಷ್ಟು ದೊಡ್ಡ ಆ ತುತ್ತೂರಿಗೆ ಪೇಟೆಯವರು ಭೋಂಗಾ ಅನ್ನುತ್ತಿದ್ದರು. ಭೋಂಗಾ ಬ್ಯಾಂಡಿನದು, ಬಾಯಿಟ್ಟು ಊದುವ ಮೌತ್‌ಪೀಸು ಮಾತ್ರ ಊದುವವನದು. ಮೇಲೆ ಬಟ್ಟಲು, ಕೆಳಗೆ ಭೋಂಗಾದೊಳಗೆ ಕೂರುವ ಕೊಳವೆ. ರಂಗೂಬಾಯಿ ಕೊಳವೆಯನ್ನೇ ಹಿಡಿಕೆ ಮಾಡಿ ಜಜ್ಜಿದ್ದಕ್ಕೆ ಅದು ಹಂದಿಯ ಬಾಲದಂತೆ ಸೊಟ್ಟಗಾಗಿತ್ತು. ಸಂಜೆ ರಾವ್‌ಬಹಾದ್ದೂರರ ಮನೆಯ ವರಾತ, ಮದುವೆಯ ಮೆರವಣಿಗೆ. ಭೋಂಗಾ ಕೂಗದಿದ್ದರೆ ನಾಳೆಯಿಂದ ಬರಲೇಬೇಡ ಎಂದು ಬ್ಯಾಂಡ್ ಮಾಸ್ತರ ಮೋಹನದಾಸ್ ಹೇಳಿಯಾಗಿತ್ತು.

ಹಿಂದಿನ ಓಣಿಯ ದೇವದಾಸನೂ ಭೋಂಗಾ ಊದುವವನೇ; ಅವನಿದ್ದ ಬ್ಯಾಂಡು ಮುಚ್ಚಿ ಹೋಗಿ, ಅವನ ಕೈಯಲ್ಲಿ ಒಂದು ಮೌತ್‌ಪೀಸಷ್ಟೇ ಉಳಿದಿತ್ತು. ಮುರುಗೆಪ್ಪ ಅವನ ಬಾಗಿಲಿಗೆ ಓಡಿದ.

"ಕೊಡ್ತೇನಿ," ಅಂದ ದೇವದಾಸ. "ಆದ್ರ ಅದನ್ನ ಬಿಟ್ಟು ನಾ ಇರಾಂವಲ್ಲ. ಅದು ಎಲ್ಲಿ ಹೋಗ್ತದೋ ನಾನೂ ಅಲ್ಲೇ."

ವಾಡೆಯಲ್ಲಿ ಪರೀಕ್ಷೆಗೆ ರಾಘಣ್ಣ ಸಿದ್ಧನಾಗಿ ಕೂತಿದ್ದ. ನಿವೃತ್ತ ಟಪಾಲು ಕಾರಕೂನ. ತನ್ನನ್ನು ಕೇಳದೆ ಪುಣೆಯಲ್ಲಿ ಸೂರ್ಯ ಹುಟ್ಟುವುದೂ ಅವನಿಗೆ ಸೇರುತ್ತಿರಲಿಲ್ಲ. ಎರಡೂ ಮೌತ್‌ಪೀಸುಗಳನ್ನು ಬಟ್ಟಲಿನ ಬಾಯಿಗೆ ಬಾಯಿ ಹಚ್ಚಿ, ಬೆಳಕಿಗೆ ಹಿಡಿದು, ಕನ್ನಡಕ ಏರಿಸಿದ.

"ಕೂದಲಷ್ಟೂ ಫರಕಿಲ್ಲ! ಧೈರ್ಯದಿಂದ ಊದು."

ವಾಡೆಯೆಲ್ಲ ತಲೆದೂಗಿತು. ಭೋಂಗಾದೊಳಗೆ ಹೋಗಬೇಕಾದದ್ದು ಬಾಯಲ್ಲ, ಕೊಳವೆ. ಅದನ್ನು ಅಳೆಯುವ ಬುದ್ಧಿ ಒಬ್ಬನಿಗೂ ಬರಲಿಲ್ಲ. ಊದುವುದೇ ಹೊಟ್ಟೆಪಾಡಾದ ಮುರುಗೆಪ್ಪನಿಗೂ ಬರಲಿಲ್ಲ.

ರಾವ್‌ಬಹಾದ್ದೂರರ ಅಂಗಳದಲ್ಲಿ ಮುರುಗೆಪ್ಪ ಅದನ್ನು ಭೋಂಗಾಕ್ಕೆ ತುರುಕಿ ನೋಡಿದರೆ ಕೊಳವೆ ಅರ್ಧಕ್ಕೇ ನಿಂತಿತು. ದಪ್ಪ ಹೆಚ್ಚು. ಬೆಲ್ಲ-ಕೊಬ್ಬರಿಯ ಆಸೆಗೆ ಬಂದಿದ್ದ ರಂಗೂಬಾಯಿ ಅಲ್ಲಿಯೂ ಸುಮ್ಮನಿರಲಿಲ್ಲ.

"ಕಲ್ಲಿಲೆ ಹೊಡಿಯೋ, ಕೂಡ್ತದ!"

ಹೊಡೆದ. ಕೂತಿತು. ಊದಿದರೆ ನೆಗಡಿಯಾದ ಕೋಣ ಕೆಮ್ಮಿದಂತೆ ಸದ್ದು ಬಂತು. ಮದುಮಗನ ಕುದುರೆ ಹಿಂದಕ್ಕೆ ಸರಿದು ಬಾಳೆಕಂಬ ಕೆಡವಿತು.

"ನನ್ನ ಪೀಸಿನ ಜೀವಾ ತಗೀತೀಯೇನಲೇ? ಕೊಡು ಇಲ್ಲೆ!" ದೇವದಾಸ ಮೇಲೆ ಬಿದ್ದು ಜಗ್ಗಿದ. ಮುರುಗೆಪ್ಪನೂ ಜಗ್ಗಿದ. ಡೋಲಿನವರೂ ಜಗ್ಗಿದರು. ಕೊಳವೆ ಅಲುಗಲಿಲ್ಲ.

"ಕೊಯ್ದು ತಗೀರಿ!" ಅಂದ ಮುರುಗೆಪ್ಪ.

"ನನ್ನ ಭೋಂಗಾಕ್ಕ ಕೈ ಹಚ್ಚಿದ್ರ ನಿನ್ನ ಗಂಟಲಾನ ಕೊಯ್ತೇನಿ!" ಮೋಹನದಾಸ್ ಕಿರುಚಿದ.

"ನನ್ನ ಪೀಸು ಬಿಟ್ಟು ನಾ ಹೋಗಂಗಿಲ್ಲ!" ದೇವದಾಸ ಭೋಂಗಾವನ್ನು ತಬ್ಬಿಕೊಂಡು ಕೂತ. ಕೂತವನು ಸಿಟ್ಟಿಗೆ ಒಂದು ಊದು ಊದಿದ. ಅವನ ತುಟಿಗೆ ಒಗ್ಗಿದ ಪೀಸು; ತುಂಬುದನಿ ಅಂಗಳವನ್ನೆಲ್ಲ ತುಂಬಿತು. ಕುದುರೆ ಕಿವಿ ನೆಟ್ಟಗೆ ಮಾಡಿ ನಿಂತಿತು.

ಮೋಹನದಾಸ್ ದೇವದಾಸನನ್ನು ನೋಡಿದ, ಭೋಂಗಾವನ್ನು ನೋಡಿದ, ಕೊನೆಗೆ ಮುರುಗೆಪ್ಪನ ಕಡೆ ತಿರುಗಿದ.

"ಮುರುಗೆಪ್ಪ, ಆ ಕೆಂಪು ಕೋಟು ಬಿಚ್ಚಿ ಇವಗ ಕೊಡು. ಟೊಪ್ಪಿಗೀನೂ."

"ಮಾಸ್ತರ್ರ, ಒಂದು ಗಳಿಗಿ! ಇಕ್ಕಳ ತರ್ತೇನಿ, ಕಿತ್ತು ತೋರಸ್ತೇನಿ!"

ಬನಿಯನ್ನಿನಲ್ಲೇ ಅವನು ದಡದಡ ಗೇಟು ದಾಟಿದ. ಹಿಂದೆ ವರಾತ ಹೊರಟಿತು. ಭೋಂಗಾ ಸಿಂಹದಂತೆ ಗರ್ಜಿಸಿತು. ಇಕ್ಕಳ ಬರಲಿಲ್ಲ, ಮುರುಗೆಪ್ಪನೂ ಬರಲಿಲ್ಲ.